ಅಮ್ಮನಿಗೆ ದೋಸೆ, ಗಂಡನಿಗೆ ಬಾತುಕೋಳಿ, ಟೇಬಲ್ ಒಂದೇ

ನಮ್ಮ ಮನೆಯಲ್ಲಿ ಹೊರಗೆ ಊಟಕ್ಕೆ ಹೋಗುವುದು ಅಂದರೆ ಮೊದಲು ಒಂದು ಸುತ್ತು ಚರ್ಚೆ ಆಗಲೇಬೇಕು. ಅಮ್ಮ ಅಪ್ಪಟ ಸಸ್ಯಾಹಾರಿ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ನಾನು ಮೊಟ್ಟೆವರೆಗೆ ಬಂದು ನಿಂತಿದ್ದೇನೆ. ತಮ್ಮ ಕೋಳಿ ತಿನ್ನುತ್ತಾನೆ. ನನ್ನ ಗಂಡನಿಗೆ ಬೇಡ ಅನ್ನುವ ಪದಾರ್ಥವೇ ಇಲ್ಲ. ಕೊನೆಗೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನಿಮ್ಮ ಮನೆಯಲ್ಲೂ ಅದೇ ತಾನೇ ಆಗೋದು? ಯಾರದು ಎಲ್ಲರಿಗಿಂತ ಜಾಸ್ತಿ ಕಟ್ಟುನಿಟ್ಟೋ ಅವರ ಹೋಟೆಲ್ಲೇ ಎಲ್ಲರ ಹೋಟೆಲ್. ಪ್ಯೂರ್ ವೆಜ್ ಬೋರ್ಡು ಹುಡುಕಿಕೊಂಡು ಹೋಗಿ ಎಲ್ಲರೂ ಪನೀರ್ ಬಟರ್ ಮಸಾಲಾ ತಿಂದು ಬರುತ್ತೇವೆ. ಪನೀರ್ ಬಟರ್ ಮಸಾಲಾ ಅಂದರೆ ನಮ್ಮಲ್ಲಿ ಯಾರಿಗೂ ಅಷ್ಟೇನೂ ಇಷ್ಟವಿಲ್ಲ, ಅದು ಬೇರೆ ಮಾತು.

ತಮ್ಮ ಸಿಂಗಪುರದಲ್ಲಿ ಕೆಲಸಕ್ಕೆ ಇದ್ದಾನೆ. ನಾವು ಅವನನ್ನು ನೋಡಲು ಹೋದಾಗ ಈ ಚರ್ಚೆ ಶುರುವಾಗುವ ಮೊದಲೇ ಅವನು ಕೈ ಎತ್ತಿಬಿಟ್ಟ. "ಹೋಟೆಲ್ ಗೀಟೆಲ್ ಏನೂ ಬೇಡ, ಹಾಕರ್ ಸೆಂಟರಿಗೆ ಹೋಗೋಣ. ಅವರವರಿಗೆ ಬೇಕಾದ್ದು ಅವರವರು ತಗೊಳ್ಳಿ" ಅಂದ. ಹಾಕರ್ ಸೆಂಟರ್ ಅಂದರೆ ಒಂದೇ ಸೂರಿನಡಿ ಸಾಲು ಸಾಲು ಸಣ್ಣ ಊಟದ ಅಂಗಡಿಗಳು. ಅಮ್ಮನಿಗೆ ಅನುಮಾನ. "ಅಲ್ಲಿ ನನಗೇನು ಸಿಗತ್ತೋ? ನಾನು ಮನೇಲೇ ಮೊಸರನ್ನ ತಿಂತೀನಿ, ನೀವು ಹೋಗಿ ಬನ್ನಿ" ಅಂದಳು. ಮೊಸರನ್ನ ಅಮ್ಮನ ಬ್ರಹ್ಮಾಸ್ತ್ರ. ಆದರೂ ಎಳೆದುಕೊಂಡು ಹೋದೆವು.

ಮೊದಲು ಹೋಗಿದ್ದು ಟೆಕ್ಕಾ ಸೆಂಟರಿಗೆ. ಲಿಟಲ್ ಇಂಡಿಯಾ ಮೆಟ್ರೋ ಸ್ಟೇಷನ್ನಿನಿಂದ ಹೊರಗೆ ಬಂದರೆ ಅಲ್ಲೇ ಬಫೆಲೋ ರೋಡ್, ಅದರ ಪಕ್ಕದಲ್ಲೇ ಈ ಕಟ್ಟಡ. ಒಂದು ಕಾಲದಲ್ಲಿ ಈ ಏರಿಯಾದಲ್ಲಿ ದನ, ಎಮ್ಮೆಗಳ ವ್ಯಾಪಾರ ಜೋರಾಗಿತ್ತಂತೆ, ರಸ್ತೆಗೆ ಆ ಹೆಸರು ಹಾಗೇ ಉಳಿದಿದೆ. ಈಗಿನ ಕಟ್ಟಡ 1982ರದ್ದು. ನೆಲಮಹಡಿಯಲ್ಲಿ ಒಂದು ಕಡೆ ಮಾರ್ಕೆಟ್ಟು, ಮೀನು, ಕುರಿಮಾಂಸ, ತರಕಾರಿ ಎಲ್ಲ. ಮೇಲಿನ ಮಹಡಿಯಲ್ಲಿ ಬಟ್ಟೆ ಅಂಗಡಿ, ಟೈಲರುಗಳು. ಇನ್ನೊಂದು ಕಡೆ ಅಡುಗೆ ಅಂಗಡಿಗಳು, ಸಾಲು ಸಾಲಾಗಿ ನೂರಕ್ಕೂ ಹೆಚ್ಚು. ಅಮ್ಮ ನುಗ್ಗೆಕಾಯಿ, ಬಾಳೆಹೂವು, ಕರಿಬೇವು ನೋಡಿದ್ದೇ ತಡ ಅರ್ಧ ಸಮಾಧಾನವಾದಳು. ಮೀನಿನ ಕಡೆ ಮಾತ್ರ ಮೂಗಿಗೆ ಸೆರಗು ಅಡ್ಡ ಹಿಡಿದು ದಾಟಿದಳು.

ಒಳಗೆ ಎಸಿ ಇಲ್ಲ. ಮೇಲೆ ದೊಡ್ಡ ಫ್ಯಾನು ತಿರುಗುತ್ತಿರುತ್ತವೆ, ಗೋಡೆ ಇಲ್ಲದ ಕಡೆಯಿಂದ ಗಾಳಿ ಬರುತ್ತದೆ. ಆದರೂ ಸೆಖೆ ಸೆಖೆಯೇ. ಒಂದೊಂದು ಅಂಗಡಿಯೂ ನಮ್ಮ ಆಟೋ ನಿಲ್ಲಿಸುವಷ್ಟು ಜಾಗ ಅಷ್ಟೇ. ಅದರೊಳಗೇ ಒಲೆ, ಸಿಂಕು, ಪಾತ್ರೆ, ಒಬ್ಬರೋ ಇಬ್ಬರೋ ಕೆಲಸ ಮಾಡುವವರು. ಮುಂದೆ ನಡುವೆ ಎಲ್ಲ ಟೇಬಲ್ಲುಗಳು, ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಸ್ಟೂಲುಗಳು. ಆ ಟೇಬಲ್ಲು ಯಾವ ಅಂಗಡಿಯದೂ ಅಲ್ಲ. ನೀವು ಎಲ್ಲಿಂದ ಬೇಕಾದರೂ ತಂದು ಎಲ್ಲಿ ಬೇಕಾದರೂ ಕೂರಬಹುದು. ನನಗೆ ಇಡೀ ವ್ಯವಸ್ಥೆಯ ಗುಟ್ಟು ಇದೇ ಅನ್ನಿಸಿತು. ನಮ್ಮಲ್ಲಿ ಟೇಬಲ್ ಹೋಟೆಲ್ಲಿನವರದು. ಕೂತ ಮೇಲೆ ಅವರ ಮೆನುಗೆ ನಾವು ಕಟ್ಟುಬಿದ್ದ ಹಾಗೆ. ಅದಕ್ಕೇ ಆ ಮೆನುವಿನಲ್ಲಿ ದೋಸೆಯಿಂದ ಹಿಡಿದು ಗೋಬಿ ಮಂಚೂರಿ, ಪಿಜ್ಜಾ, ಚಾಟ್ಸ್‌ವರೆಗೆ ಎಲ್ಲ ಇರಬೇಕು, ಇಲ್ಲದಿದ್ದರೆ ಮನೆಯವರೆಲ್ಲ ಒಟ್ಟಿಗೆ ಬರುವುದಿಲ್ಲ. ಎಲ್ಲ ಇರುವ ಕಡೆ ಯಾವುದೂ ನೆಟ್ಟಗಿರುವುದಿಲ್ಲ ಅಂತ ಬೇರೆ ಹೇಳಬೇಕಾ? ಇಲ್ಲಿ ಟೇಬಲ್ಲು ಎಲ್ಲರದ್ದೂ ಆಗಿರುವುದರಿಂದ ಅಂಗಡಿಯವನು ತನಗೆ ಬರುವ ಒಂದೇ ತಿಂಡಿ ಮಾಡಿಕೊಂಡು ಇರಬಹುದು. ಅನ್ನ ಮತ್ತು ಬಾತುಕೋಳಿ ಅಂದರೆ ಅನ್ನ ಮತ್ತು ಬಾತುಕೋಳಿ, ಅಷ್ಟೇ. ಇಪ್ಪತ್ತು ಮೂವತ್ತು ವರ್ಷ ಅದನ್ನೇ ಮಾಡುತ್ತಿರುವವರು ಇದ್ದಾರೆ.

ಪ್ರಾಟಾ ಅಂಗಡಿ ಮುಂದೆ ನಾನು ಸುಮ್ನೆ ನಿಂತು ನೋಡಿದೆ. ನಮ್ಮ ಪರೋಟದ ವಂಶವೇ ಅದು, ದಕ್ಷಿಣ ಭಾರತದಿಂದ ಹೋದವರ ಜೊತೆ ಹೋಗಿದ್ದು. ಎಣ್ಣೆಯಲ್ಲಿ ನೆನೆದ ಮೈದಾ ಉಂಡೆಗಳು ಒಂದು ತಟ್ಟೆ ತುಂಬ ಸಾಲಾಗಿ ಕೂತಿರುತ್ತವೆ. ಒಂದು ಉಂಡೆ ತೆಗೆದು ಅಂಗೈಯಲ್ಲಿ ಒತ್ತುತ್ತಾರೆ. ಆಮೇಲೆ ಅಂಚು ಹಿಡಿದು ಗಾಳಿಯಲ್ಲಿ ಬೀಸಿ ಕಲ್ಲಿನ ಮೇಲೆ ಬಡಿಯುತ್ತಾರೆ. ಪ್ರತಿ ಬೀಸಿಗೂ ಅಗಲವಾಗುತ್ತಾ ಹೋಗುತ್ತದೆ, ಕೊನೆಗೆ ಅದರ ಕೆಳಗಿನ ಕಲ್ಲೇ ಕಾಣುವಷ್ಟು ತೆಳ್ಳಗೆ. ಆಮೇಲೆ ನಾಲ್ಕೂ ಕಡೆಯಿಂದ ಮಡಚಿ ಚೌಕ ಮಾಡಿ ಕಾವಲಿಗೆ ಹಾಕುವುದು. ಮೊಟ್ಟೆ ಪ್ರಾಟಾ ಕೇಳಿದರೆ ಮಡಚುವ ಮೊದಲು ನಡುವೆ ಮೊಟ್ಟೆ ಒಡೆದು ಹಾಕುತ್ತಾರೆ. ಜೊತೆಗೆ ಒಂದು ಸಣ್ಣ ಬಟ್ಟಲು ಸಾರು. ಸಸ್ಯಾಹಾರಿಗಳು ಇಲ್ಲೇ ಹುಷಾರಾಗಿರಬೇಕು. ಆ ಸಾರು ಬಹಳ ಸಲ ಮೀನಿನದೋ ಕುರಿಯದೋ ಆಗಿರುತ್ತದೆ, ಬೇಳೆ ಕಾಣಿಸಿತು ಅಂತ ನಂಬಬೇಡಿ, ದಾಲ್ಚಾ ಅನ್ನುವ ಸಾರಿನಲ್ಲಿ ಬೇಳೆಯ ಜೊತೆ ಮೂಳೆಯೂ ಇರಬಹುದು. ಕೇಳಿ ತಗೊಳ್ಳಿ. ಇಲ್ಲಾ ಸಕ್ಕರೆ ಕೇಳಿ. ಅಲ್ಲಿ ಬಿಸಿ ಪ್ರಾಟಾಗೆ ಸಕ್ಕರೆ ನೆಂಚಿಕೊಂಡು ತಿನ್ನುವುದು ಮಾಮೂಲು. ನಾನೂ ಹಾಗೇ ತಿಂದೆ, ಚೆನ್ನಾಗಿತ್ತು.

ಅಮ್ಮ ಕಾವಲಿ ನೋಡಿದಳು. ಅದೇ ಕಾವಲಿಯ ಮೇಲೆ ಮೊಟ್ಟೆ ಬೇಯುತ್ತಿತ್ತು. "ಬೇಡ" ಅಂದಳು, ಚರ್ಚೆಗೆ ಅವಕಾಶವೇ ಇಲ್ಲ. ತನ್ನ ಪಾಡಿಗೆ ತಾನು ಅಂಗಡಿ ಸಾಲು ನೋಡುತ್ತಾ ನಡೆದಳು. ಸ್ವಲ್ಪ ಹೊತ್ತು ಬಿಟ್ಟು ಹುಡುಕಿಕೊಂಡು ಹೋದರೆ ಒಂದು ಸಸ್ಯಾಹಾರಿ ದೋಸೆ ಅಂಗಡಿ ಮುಂದೆ ನಿಂತು ಒಳಗಿದ್ದ ಹೆಂಗಸಿನ ಜೊತೆ ತಮಿಳಿನಲ್ಲಿ ಜೋರು ಮಾತು. ಅಮ್ಮ ಬೆಳೆದಿದ್ದು ಬಂಗಾರಪೇಟೆಯಲ್ಲಿ, ತಮಿಳು, ತೆಲುಗು ಎರಡೂ ಸಲೀಸು. ಸಿಂಗಪುರದಲ್ಲಿ ತಮಿಳು ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು, ಹಾಗಾಗಿ ಅಷ್ಟು ದಿನ ನಮ್ಮೆಲ್ಲರಿಗಿಂತ ಧೈರ್ಯವಾಗಿ ಓಡಾಡಿದವಳು ಅವಳೇ. ಅವಳ ತಟ್ಟೆಯಲ್ಲಿ ದೋಸೆಯೂ ಇರಲಿಲ್ಲ ಆಗ. ಒತ್ತು ಶ್ಯಾವಿಗೆ ಇತ್ತು, ಮೇಲೆ ಕಾಯಿತುರಿ, ಪಕ್ಕದಲ್ಲಿ ಕಂದು ಸಕ್ಕರೆ. ಅಲ್ಲಿ ಅದನ್ನು ಪುಟ್ಟು ಮಾಯಂ ಅನ್ನುತ್ತಾರೆ. "ದೋಸೆ ಆಮೇಲೆ ಬರತ್ತೆ, ಇದು ಮೊದಲು ತಿನ್ನು ಅಂದ್ರು" ಅಂತ ನನಗೇ ಹೇಳಿದಳು. ಎರಡೂ ಸೇರಿ ಆಗಿದ್ದು ನಾಲ್ಕೈದು ಸಿಂಗಪುರ ಡಾಲರ್. ಅಮ್ಮ ತಕ್ಷಣ ರೂಪಾಯಿಗೆ ಲೆಕ್ಕ ಹಾಕಿ "ದೋಸೆಗೆ ಇಷ್ಟಾ!" ಅಂದಳು. ಆ ಲೆಕ್ಕ ಹಾಕುತ್ತಾ ಕೂತರೆ ಸಿಂಗಪುರದಲ್ಲಿ ನೀರನ್ನೂ ಕುಡಿಯಲಾಗುವುದಿಲ್ಲ.

ಗಂಡ ಬಾತುಕೋಳಿ ಅನ್ನ ತಂದ. ತಮ್ಮ ಬಿರಿಯಾನಿ ತಂದ. ನನಗೆ ಆಗ ಎದೆ ಸ್ವಲ್ಪ ಡವಡವ, ಅಮ್ಮ ಎದ್ದು ಬೇರೆ ಟೇಬಲ್ಲಿಗೆ ಹೋಗುತ್ತಾಳೇನೋ ಅಂತ. ಹೋಗಲಿಲ್ಲ. ಒಂದು ತುದಿಗೆ ಸರಿದು ಕೂತಳು. "ಅತ್ತೆ, ನಾನು ಬೇಕಾದ್ರೆ ಆ ಕಡೆ ಕೂತ್ಕೋತೀನಿ" ಅಂತ ಗಂಡ ಸಂಕೋಚದಿಂದ ಅಂದರೆ, "ನಿಮ್ಮ ತಟ್ಟೆ ನಿಮ್ಮದು, ನನ್ನ ತಟ್ಟೆ ನನ್ನದು, ಸುಮ್ನೆ ತಿನ್ನಿ, ಆರಿ ಹೋಗತ್ತೆ" ಅಂದಳು. ಬೆಂಗಳೂರಿನಲ್ಲಿ ಇದೇ ಅಮ್ಮ ಬಿರಿಯಾನಿ ಸಿಗುವ ಹೋಟೆಲ್ಲಿನ ಮೆಟ್ಟಿಲು ಹತ್ತುವುದಿಲ್ಲ. ಅಡುಗೆಮನೆ ಒಂದೇ, ಸೌಟು ಒಂದೇ ಅನ್ನುವುದು ಅವಳ ಆಕ್ಷೇಪ. ಇಲ್ಲಿ ಒಲೆ ಬೇರೆ, ಸೌಟು ಬೇರೆ, ಮಾಡುವವರು ಬೇರೆ, ಅದೂ ಕಣ್ಣೆದುರೇ ಕಾಣುತ್ತದೆ. ಟೇಬಲ್ ಹಂಚಿಕೊಳ್ಳುವುದಕ್ಕೆ ಅವಳ ತಕರಾರೇ ಇರಲಿಲ್ಲ ನೋಡಿ. ಇಷ್ಟು ವರ್ಷ ನಾವು ಯಾರೂ ಕೇಳಿರಲಿಲ್ಲ.

ಆ ಊರಿನವರು ಇದನ್ನು ಬಹಳ ಯೋಚನೆ ಮಾಡಿ ಮಾಡಿದ್ದಾರೆ. ತಿಂದಾದ ಮೇಲೆ ತಟ್ಟೆ ಇಡಲು ಸ್ಟ್ಯಾಂಡುಗಳಿವೆ, ಹಲಾಲ್ ತಟ್ಟೆಗೆ ಒಂದು, ಉಳಿದದ್ದಕ್ಕೆ ಇನ್ನೊಂದು. ಹಂದಿಮಾಂಸದ ತಟ್ಟೆ ಮುಸ್ಲಿಮರ ಅಂಗಡಿಯ ತಟ್ಟೆಗಳ ಜೊತೆ ಸೇರಬಾರದು ಅಂತ. ಚೀನೀ, ಮಲಯ್, ತಮಿಳು ಜನ ಒಂದೇ ಸೂರಿನಡಿ ದಿನವೂ ತಿನ್ನಬೇಕು ಅಂದರೆ ಇಂಥ ಸಣ್ಣ ಏರ್ಪಾಡುಗಳೇ ಬೇಕಾಗುತ್ತವೆ. ತಟ್ಟೆಯನ್ನು ನಾವೇ ವಾಪಸ್ ಇಡಬೇಕು, 2021ರ ಸೆಪ್ಟೆಂಬರಿನಿಂದ ಅದು ಕಾನೂನು. ಮೊದಲ ಸಲ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಗಂಡ ಮನೆಯಲ್ಲಿ ಎಂದೂ ತಟ್ಟೆ ಎತ್ತಿದವನಲ್ಲ, ಅಲ್ಲಿ ಮಾತ್ರ ಎಲ್ಲರ ತಟ್ಟೆ ಒಟ್ಟುಮಾಡಿಕೊಂಡು ಓಡಿದ.

ಜಾಗ ಹಿಡಿಯುವ ರೀತಿ ಕೇಳಿ. ಮಧ್ಯಾಹ್ನ ಆಫೀಸಿನವರು ಬರುವ ಹೊತ್ತಿಗೆ ಟೇಬಲ್ ಸಿಗುವುದು ಕಷ್ಟ. ಆಗ ಟೇಬಲ್ ಮೇಲೆ ಒಂದು ಟಿಶ್ಯೂ ಪೇಪರ್ ಪ್ಯಾಕೆಟ್ ಇಟ್ಟು ಊಟ ತರಲು ಹೋಗುತ್ತಾರೆ. ಛತ್ರಿ ಇಡುವವರೂ ಉಂಟು. ಅದನ್ನು ಚೋಪ್ ಮಾಡುವುದು ಅನ್ನುತ್ತಾರೆ. ಆ ಪ್ಯಾಕೆಟ್ಟನ್ನು ಯಾರೂ ಮುಟ್ಟುವುದಿಲ್ಲ! ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಜಗಳ ಆಗುವುದಿಲ್ಲ.

ಕಾಫಿ ವಿಷಯಕ್ಕೆ ಬರೋಣ. ಅಲ್ಲಿ ಅದು ಕೊಪಿ. ಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕಪ್ಪಗೆ ಹುರಿಯುತ್ತಾರೆ. ಉದ್ದ ಮೂತಿಯ ತಗಡಿನ ಕೆಟಲಿಗೆ ಬಟ್ಟೆಯ ಚೀಲ ಇಳಿಬಿಟ್ಟು, ಅದಕ್ಕೆ ಪುಡಿ ಹಾಕಿ ಕುದಿಯುವ ನೀರು ಸುರಿದು, ಆ ಕೆಟಲಿನಿಂದ ಈ ಕೆಟಲಿಗೆ ಎತ್ತಿ ಎತ್ತಿ ಹೊಯ್ಯುತ್ತಾರೆ. ಲೋಟದ ತಳಕ್ಕೆ ಮೊದಲೇ ಎರಡು ಚಮಚ ಕಂಡೆನ್ಸ್ಡ್ ಮಿಲ್ಕ್ ಬಿದ್ದಿರುತ್ತದೆ. ಮೇಲಿಂದ ಡಿಕಾಕ್ಷನ್ ಬಂದು ಕೂತಾಗ ಕಪ್ಪು ಮೇಲೆ, ಬಿಳಿ ಕೆಳಗೆ, ಕಲಕುವವರೆಗೂ ಹಾಗೇ ಇರುತ್ತದೆ. ಕೇಳುವುದಕ್ಕೂ ಒಂದು ಭಾಷೆ ಇದೆ. ಬರೀ ಕೊಪಿ ಅಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿದ್ದು. ಕೊಪಿ ಓ ಅಂದರೆ ಹಾಲಿಲ್ಲ, ಸಕ್ಕರೆ ಇದೆ. ಕೊಪಿ ಸಿ ಅಂದರೆ ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆ. ಸಕ್ಕರೆ ಬೇಡದಿದ್ದರೆ ಕೊನೆಗೆ ಕೊಸೊಂಗ್ ಸೇರಿಸಿ. ಸಿಹಿ ಕಡಿಮೆ ಬೇಕಿದ್ದರೆ ಸಿಯೂ ದಾಯ್. ಸ್ಟ್ರಾಂಗ್ ಬೇಕಿದ್ದರೆ ಗಾವ್. ತಮ್ಮ ಇದೆಲ್ಲ ಒಂದೇ ಉಸಿರಿನಲ್ಲಿ ಹೇಳಿ ತಗೊಂಡು ಬಂದ, ಸ್ವಲ್ಪ ಜಂಬವೂ ಇತ್ತು. ಅಮ್ಮ ಒಂದು ಗುಟುಕು ಕುಡಿದು ತುಂಬ ಹೊತ್ತು ಸುಮ್ಮನಿದ್ದಳು. "ಕುಡಿಯೋಕೆ ಚೆನ್ನಾಗಿದೆ. ಕಾಫಿ ಅಂತ ಮಾತ್ರ ಹೇಳಬೇಡ" ಅಂದಳು. ನನಗೆ ಹಿಡಿಸಿತು. ಚಿಕ್ಕಮಗಳೂರು ಕಾಫಿ ಮನಸ್ಸಿನಲ್ಲಿಟ್ಟುಕೊಂಡು ಕುಡಿದರೆ ಬೇಜಾರಾಗುತ್ತದೆ, ಅದನ್ನು ಬದಿಗಿಟ್ಟು ಕುಡಿಯಿರಿ.

ಇಷ್ಟೆಲ್ಲ ಹೇಗೆ ಶುರುವಾಯ್ತು ಅಂತ ನೋಡಿದರೆ ನಮ್ಮ ಊರಿನ ಕಥೆಯೇ. ಸಿಂಗಪುರದಲ್ಲೂ ಮೊದಲು ಇವರೆಲ್ಲ ಬೀದಿಬದಿಯಲ್ಲಿ, ತಳ್ಳುಗಾಡಿಯಲ್ಲಿ ಮಾರುತ್ತಿದ್ದವರೇ. ನಲ್ಲಿ ನೀರಿಲ್ಲ, ಎಂಜಲು ಚರಂಡಿಗೆ, ಇಲಿ, ನೊಣ. 1968-69ರಲ್ಲಿ ಸರ್ಕಾರ ಎಲ್ಲರನ್ನೂ ನೋಂದಣಿ ಮಾಡಿತು, ಆಗ ಸಿಕ್ಕ ಲೆಕ್ಕ ಸುಮಾರು 18,000 ಜನ. 1971ರಿಂದ ಸೂರು, ನಲ್ಲಿ, ಚರಂಡಿ, ಕರೆಂಟು ಇರುವ ಕಟ್ಟಡಗಳನ್ನು ಕಟ್ಟುತ್ತಾ ಬಂದು 1986ರ ಹೊತ್ತಿಗೆ ಬೀದಿಯಲ್ಲಿದ್ದವರನ್ನೆಲ್ಲ ಒಳಗೆ ತಂದು ಕೂರಿಸಿದರು. ಈಗ ಅಂಥ ಸೆಂಟರುಗಳು 110ಕ್ಕೂ ಹೆಚ್ಚು. ಬೀದಿಯಿಂದ ಬಂದ ಹಳಬರಿಗೆ ಬಾಡಿಗೆಯೂ ಕಡಿಮೆ, ತಿಂಗಳಿಗೆ ಸುಮಾರು 200ರಿಂದ 320 ಡಾಲರ್. ಹೊಸಬರು ಟೆಂಡರ್ ಹಾಕಿ ಅಂಗಡಿ ಹಿಡಿಯಬೇಕು, ಅವರಿಗೆ ಇದರ ಹಲವು ಪಟ್ಟು ಬೀಳುತ್ತದೆ. ಅಷ್ಟು ದುಬಾರಿ ಊರಿನಲ್ಲಿ ಅಷ್ಟು ಕಡಿಮೆಗೆ ಊಟ ಸಿಗುವುದು ಸುಮ್ಮನೆ ಅಲ್ಲ, ಅದಕ್ಕೆ ಯಾರೋ ಲೆಕ್ಕ ಹಾಕಿದ್ದಾರೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಇವರ ಹಾಕರ್ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮಲ್ಲೂ ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಅವರಿಗೆ ಪ್ರಮಾಣಪತ್ರ ಕೊಡಬೇಕು, ಜಾಗ ಗುರುತಿಸಬೇಕು ಅಂತೆಲ್ಲ ಅದರಲ್ಲಿದೆ. ಆದರೂ ನಮ್ಮ ಬೀದಿಯ ಇಡ್ಲಿ ಗಾಡಿಯಾಕೆ ಇವತ್ತಿಗೂ ಎರಡು ಬಿಂದಿಗೆ ನೀರಿನಲ್ಲಿ ಬೆಳಗಿನ ವ್ಯಾಪಾರ ಮುಗಿಸುತ್ತಾಳೆ. ಅವಳ ಚಟ್ನಿಗೆ ಏನೂ ಕಮ್ಮಿಯಿಲ್ಲ. ಕಮ್ಮಿ ಇರುವುದು ನಲ್ಲಿ. ಸಜ್ಜನ್ ರಾವ್ ಸರ್ಕಲ್ ಹತ್ತಿರದ ತಿಂಡಿ ಬೀದಿಯನ್ನೇ ತಗೊಳ್ಳಿ, ಹೋಳಿಗೆ, ಪಡ್ಡು, ಅವರೆಬೇಳೆ ದೋಸೆ, ರುಚಿಗೆ ಅದು ಟೆಕ್ಕಾಗೆ ಸೋಲುವುದಿಲ್ಲ, ನನ್ನ ಕೇಳಿದರೆ ಗೆಲ್ಲುತ್ತದೆ. ಆದರೆ ಅಲ್ಲಿ ಮಂಡಿನೋವಿನ ಅಮ್ಮನನ್ನು ಎಲ್ಲಿ ಕೂರಿಸಲಿ? ದರ್ಶಿನಿಯಲ್ಲೂ ಅಷ್ಟೇ, ನಿಂತೇ ತಿನ್ನಬೇಕು.

ಹಾಗಂತ ಅಲ್ಲಿ ಎಲ್ಲ ಚಂದ ಅಂತಲ್ಲ. ಅಂಗಡಿಯವರಲ್ಲಿ ವಯಸ್ಸಾದವರೇ ಜಾಸ್ತಿ, ಅರ್ಧಕ್ಕರ್ಧ ಜನ 60ರ ಆಸುಪಾಸಿನವರು ಇಲ್ಲವೇ ಅದನ್ನು ದಾಟಿದವರು. ಬೆಳಗಿನ ಜಾವ ಎದ್ದು ಒಲೆ ಮುಂದೆ ಬೇಯುವ ಕೆಲಸ, ಓದಿದ ಮಕ್ಕಳು ಯಾಕೆ ಬರುತ್ತಾರೆ? ಜನಕ್ಕೆ ಮಾತ್ರ ಹಳೇ ರೇಟೇ ಬೇಕು. ನೂಡಲ್ಸ್ ಬೆಲೆ ಐವತ್ತು ಸೆಂಟ್ ಏರಿದರೆ ಅಲ್ಲಿ ಗೊಣಗಾಟ ಶುರುವಾಗುತ್ತದಂತೆ. ಅದೇ ಜನ ಮಾಲಿನಲ್ಲಿ ಒಂದು ಲೋಟ ಕಾಫಿಗೆ ಏಳು ಡಾಲರ್ ಕೊಟ್ಟು ಸುಮ್ಮನೆ ಬರುತ್ತಾರೆ. ಈ ಬುದ್ಧಿ ನಮ್ಮ ಊರಿನಲ್ಲೂ ಇದೆ ಬಿಡಿ.

ಆಮೇಲೆ ಬೇರೆ ಕಡೆಗಳಿಗೂ ಹೋದೆವು. ಚೈನಾಟೌನ್ ಕಾಂಪ್ಲೆಕ್ಸ್ ಎಲ್ಲಕ್ಕಿಂತ ದೊಡ್ಡದು, 200ಕ್ಕೂ ಹೆಚ್ಚು ಅಂಗಡಿ, ಒಳಗೆ ಹೋದರೆ ದಿಕ್ಕೇ ತಪ್ಪುತ್ತದೆ. 2016ರಲ್ಲಿ ಇಲ್ಲಿನ ಚಾನ್ ಹೊನ್ ಮೆಂಗ್ ಅನ್ನುವವರ ಸೋಯಾ ಸಾಸ್ ಕೋಳಿಯ ಅಂಗಡಿಗೆ, ದೊಡ್ಡ ದೊಡ್ಡ ಹೋಟೆಲ್ಲುಗಳು ಹಂಬಲಿಸುವ ಮಿಶೆಲಿನ್ ನಕ್ಷತ್ರ ಸಿಕ್ಕಿ ಜಗತ್ತೆಲ್ಲ ಸುದ್ದಿಯಾಗಿತ್ತು. 2021ರಲ್ಲಿ ಆ ನಕ್ಷತ್ರ ಹೋಯಿತು. ಹತ್ತಿರದಲ್ಲೇ ಮ್ಯಾಕ್ಸ್‌ವೆಲ್ ಸೆಂಟರ್, ಅಲ್ಲಿ ಹೈನಾನ್ ಕೋಳಿ ಅನ್ನಕ್ಕೆ ಉದ್ದ ಕ್ಯೂ. ಗಂಡ, ತಮ್ಮ ಕ್ಯೂನಲ್ಲಿ ನಿಂತರು, ನಾನು, ಅಮ್ಮ ಆ ಹೊತ್ತಿನಲ್ಲಿ 1827ರ ಶ್ರೀ ಮಾರಿಯಮ್ಮನ್ ದೇವಸ್ಥಾನ ನೋಡಿ ಬಂದೆವು. ಬಂದರೆ ಅವರಿನ್ನೂ ಕ್ಯೂನಲ್ಲೇ ಇದ್ದರು.

ಅಮ್ಮನಿಗೆ ಅಲ್ಲೇ ಒಂದು ನಿಧಿ ಸಿಕ್ಕಿತು. ಚೀನೀ ಸಸ್ಯಾಹಾರಿ ಅಂಗಡಿ. ಬಹಳಷ್ಟು ಹಾಕರ್ ಸೆಂಟರುಗಳಲ್ಲಿ ಇಂಥದ್ದೊಂದು ಇರುತ್ತದೆ, ಬೌದ್ಧ ಪದ್ಧತಿಯ ಅಡುಗೆ, ಮೊದಲಿಂದಲೂ ಈರುಳ್ಳಿ ಬೆಳ್ಳುಳ್ಳಿ ಹಾಕದ ಅಡುಗೆ ಅದು. ಹುರಿದ ಅಕ್ಕಿ ಶ್ಯಾವಿಗೆ, ಎಲೆಕೋಸು, ತೋಫು. ಗಾಜಿನ ಹಿಂದೆ ಕೆಂಪಗೆ ಹುರಿದ ಮಾಂಸದ ತುಂಡುಗಳನ್ನು ನೋಡಿ ಅಮ್ಮ ಮೊದಲು ಎರಡು ಹೆಜ್ಜೆ ಹಿಂದೆ ಸರಿದಳು. ಅದು ಸೋಯಾ, ಗೋಧಿಯ ಅಂಟಿನಲ್ಲಿ ಮಾಡಿದ್ದು, ನೋಡಲು ಮಾತ್ರ ಮಾಂಸ ಅಂತ ತಮ್ಮ ಬಿಡಿಸಿ ಹೇಳಬೇಕಾಯ್ತು. "ತಿನ್ನೋದಿಲ್ಲ ಅಂತಾದ ಮೇಲೆ ಅದೇ ಥರ ಯಾಕೆ ಮಾಡಬೇಕು?" ಅಂತ ಅವಳ ಪ್ರಶ್ನೆ. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಚಾಂದ್ರಮಾನ ತಿಂಗಳಿನ ಮೊದಲನೇ ದಿನ, ಹದಿನೈದನೇ ದಿನ ಎಷ್ಟೋ ಚೀನೀಯರು ಮಾಂಸ ಬಿಡುತ್ತಾರೆ, ಅವತ್ತು ಇಂಥ ಅಂಗಡಿಗಳ ಮುಂದೆ ಭಾರೀ ಕ್ಯೂ ಅಂತ ತಿಳಿದ ಮೇಲೆ ಅಮ್ಮನ ಮುಖ ಅರಳಿತು. "ಓ, ಇವರಿಗೂ ಏಕಾದಶಿ ಥರ ಇದೆ ಅನ್ನು!" ಬಾಂಧವ್ಯ ಬೆಳೆದುಬಿಟ್ಟಿತು. ಆ ಶ್ಯಾವಿಗೆಯನ್ನು ಮನೆಗೂ ಕಟ್ಟಿಸಿಕೊಂಡಳು.

ಲಾವ್ ಪಾ ಸಾಟ್ ಅನ್ನುವ ಹಾಕರ್ ಸೆಂಟರಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ಕಟ್ಟಡ ನೋಡಲೇಬೇಕಾದ್ದು, ನಿಜ. 1894ರದ್ದು, ಎಂಟು ಮೂಲೆಯ ಎರಕದ ಕಬ್ಬಿಣದ ಚಪ್ಪರ. ಮೆಟ್ರೋ ಕಾಮಗಾರಿಗೆ ಅಂತ 1986ರಲ್ಲಿ ಇಡೀ ಕಟ್ಟಡವನ್ನು ಬಿಚ್ಚಿಟ್ಟು ಆಮೇಲೆ ಮತ್ತೆ ಜೋಡಿಸಿದರು. ಸಂಜೆ ಪಕ್ಕದ ಬೂನ್ ಟಾಟ್ ರಸ್ತೆ ಮುಚ್ಚಿ ಕೆಂಡದ ಮೇಲೆ ಸಾಟೆ, ಅಂದರೆ ಕಡ್ಡಿಗೆ ಸಿಕ್ಕಿಸಿದ ಮಾಂಸದ ತುಂಡು, ಸುಡುತ್ತಾರೆ, ಹೊಗೆಯೋ ಹೊಗೆ. ಆದರೆ ರೇಟು ಜಾಸ್ತಿ, ಪ್ರವಾಸಿಗಳೇ ಜಾಸ್ತಿ. ಒಂದು ಸಲ ನೋಡಿ ಬನ್ನಿ, ಊಟ ಬೇರೆ ಕಡೆ ಮಾಡಿ.

ಹೋಗುವವರಿಗೆ ಒಂದೆರಡು ಮಾತು. ಹನ್ನೆರಡರಿಂದ ಒಂದೂವರೆ ಗಂಟೆ ಮಧ್ಯೆ ಹೋಗಬೇಡಿ, ಕೂರಲು ಜಾಗ ಸಿಗುವುದಿಲ್ಲ. ಸೋಮವಾರ ಬಹಳ ಅಂಗಡಿಗಳಿಗೆ ರಜಾ. ಅಲ್ಲಿನವರು ಕ್ಯುಆರ್ ಕೋಡ್‌ನಲ್ಲಿ ಕೊಡುತ್ತಾರೆ, ನಾವು ಚಿಲ್ಲರೆ ನೋಟು ಇಟ್ಟುಕೊಂಡಿರುವುದು ವಾಸಿ. ಟಿಶ್ಯೂ ಪೇಪರ್ ನೀವೇ ಒಯ್ಯಿರಿ, ಟೇಬಲ್ ಮೇಲೆ ಇಟ್ಟಿರುವುದಿಲ್ಲ, ಜಾಗ ಹಿಡಿಯಲೂ ಬೇಕಲ್ಲ. ಇಂಡಿಯನ್ ರೋಜಾಕ್ ಅನ್ನುವ ಬೋಂಡಾಗಳ ತಟ್ಟೆ ಚೆನ್ನಾಗಿ ಕಾಣುತ್ತದೆ, ಅದರಲ್ಲಿ ಸಿಗಡಿ, ಮೊಟ್ಟೆ ಎಲ್ಲ ಬೆರೆತಿರುತ್ತವೆ, ಸಸ್ಯಾಹಾರಿಗಳು ಕೈ ಹಾಕುವ ಮೊದಲು ಕೇಳಿ. ಊಟ ಆದ ಮೇಲೆ ಚೆಂಡೊಲ್ ತಿನ್ನಿ, ತೆಂಗಿನಹಾಲು, ಪುಡಿ ಐಸು, ಕಪ್ಪು ಬೆಲ್ಲದ ಪಾಕ, ಹಸಿರು ಶ್ಯಾವಿಗೆ ತುಂಡು, ಆ ಸೆಖೆಗೆ ಅದೇ ಸರಿ. ಅಮ್ಮ ಎರಡನೇ ಬಟ್ಟಲೂ ತಿಂದಳು, ರೂಪಾಯಿ ಲೆಕ್ಕ ಹಾಕದೆ.